ಕಪ್ಪು ವೈನಿಗೆ ಹೊಂದುವ ಅಡುಗೆ

ಬೆಳಗಿನಿಂದ ನಾನು ಕಪಾಟಿನ ವೈನ್ ಬಾಟಲಿಗಳನ್ನು ಹೊತ್ತು ಬೇಸ್‌ಮೆಂಟಿಗೆ ಇಳಿಯುತ್ತಿದ್ದೇನೆ, ಹತ್ತುತ್ತಿದ್ದೇನೆ. ಮೊಣಕಾಲು ಕಟಕಟ ಅನ್ನುತ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ನನ್ನ ಹಳೆಯ ಗೆಳತಿ ಮುಮ್ತಾಜ್ ಬರುತ್ತಾಳೆ. ಏಳು ವರ್ಷದ ಮೇಲೆ ಬರುತ್ತಿದ್ದಾಳೆ. ಅವಳು ಒಳಗೆ ಕಾಲಿಟ್ಟಾಗ ಊಟದ ಮನೆಯಲ್ಲಿ ಒಂದು ಬಾಟಲಿಯೂ ಕಣ್ಣಿಗೆ ಬೀಳಬಾರದು ಎಂದು ನಿನ್ನೆ ರಾತ್ರಿಯೇ ತೀರ್ಮಾನ ಮಾಡಿದ್ದೆ. ನಮ್ಮ ಮನೆಯವರು ಸೋಫಾದಲ್ಲಿ ಕೂತು ಪೇಪರಿನ ಹಿಂದಿನಿಂದಲೇ ಕೇಳಿದರು. "ಅಷ್ಟೂ ಕೆಳಗ ಇಟ್ಟರ ಆಕೀಗೆ ಮರತ ಹೋಗತೈತೇನು?" ಇಂಥ ಪ್ರಶ್ನೆ ಕೇಳುವವರು ಎದ್ದು ಎರಡು ಬಾಟಲಿ ಹಿಡಿದುಕೊಂಡರೆ ನನಗೂ ಉತ್ತರ ಕೊಡಲು ಉಸಿರು ಉಳಿಯುತ್ತಿತ್ತು.

ಕೊನೆಯ ಸಾಲಿನಲ್ಲಿದ್ದ ಒಂದು ಬಾಟಲಿಯ ಬಿರಡೆ ಸ್ವಲ್ಪ ಸೋರಿತ್ತು. ಹಿಡಿದ ಹೆಬ್ಬೆರಳಿಗೆ ಕಪ್ಪಗೆ ಅಂಟಿಕೊಂಡಿತು. ಹಳೆಯ ಚಟ, ಮೂಗಿಗೆ ಹಿಡಿದೆ. ನೇರಳೆ ಹಣ್ಣು, ಒಣ ತಂಬಾಕು, ಮಳೆಗೆ ನೆಂದ ಕಬ್ಬಿಣದ ಗೇಟು. ಲೇಬಲ್ ನೋಡುವ ಅಗತ್ಯವೇ ಇರಲಿಲ್ಲ. ಕಾಓರ್. ಬೇರೆ ಯಾವುದಾದರೂ ಆಗಿದ್ದರೆ ಒರೆಸಿಕೊಂಡು ಕೆಲಸ ಮುಂದುವರಿಸುತ್ತಿದ್ದೆ. ಇದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಈ ವೈನು ನನಗೆ ಕೆಲಸ ಕೊಟ್ಟಿತು. ಅದೇ ವಾರ ಮುಮ್ತಾಜಳನ್ನು ಕಳೆದುಕೊಂಡೆ. ತಪ್ಪು ವೈನಿನದಲ್ಲ, ನನ್ನದು. ಅವಳು ಬರುವುದಕ್ಕೆ ಇನ್ನೂ ಎರಡು ಗಂಟೆ ಇದೆ. ನೀವೂ ಇಲ್ಲೇ ಪಕ್ಕದ ಮೆಟ್ಟಿಲ ಮೇಲೆ ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ನನ್ನನ್ನು ನೋಡಿದವರು ವೈನಿನ ವಿಷಯ ತಿಳಿದವಳು ಎನ್ನುವುದಿಲ್ಲ. ಗದಗಿನ ಕಡೆಯ ಲಿಂಗಾಯತರ ಮನೆಯ ಹೆಣ್ಣುಮಗಳು, ಮೊಟ್ಟೆ ಹಾಕಿದ ಕೇಕನ್ನೂ ದೂರ ಸರಿಸುವವಳು, ಕತ್ತಿನಲ್ಲಿ ಲಿಂಗ ಕಟ್ಟಿಕೊಂಡವಳು. ಆದರೆ ಮಿಶಿಗನ್ನಿನ ಈ ಆನ್ ಆರ್ಬರಿನಲ್ಲಿ ನಾನು ಕೆಲಸ ಮಾಡುವ ಅಂಗಡಿಗೆ ಬಂದು ಕೇಳಿ ನೋಡಿ. ಆಸ್ಪತ್ರೆಯ ದೊಡ್ಡ ದೊಡ್ಡ ಡಾಕ್ಟರುಗಳು ಮನೆಯಲ್ಲಿ ಪಾರ್ಟಿ ಇಟ್ಟುಕೊಂಡರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇಂಥ ಅಡುಗೆಗೆ ಇಂಥ ವೈನು ಎಂದು ನಾನು ಹೇಳಿದರೆ ಮುಗಿಯಿತು. ಜಂಬ ಅನ್ನಿ, ನನಗೇನೂ ಬೇಸರವಿಲ್ಲ. ಜಂಬಕ್ಕೆ ತಕ್ಕ ಕೆಲಸ ಬರುತ್ತದೆ ನನಗೆ.

ಕಾಓರ್ ಎಂಬುದು ಫ್ರಾನ್ಸಿನ ನೈರುತ್ಯ ಮೂಲೆಯ ಒಂದು ಊರು. ಒಂದು ನದಿ ಊರನ್ನು ಬಳಸಿಕೊಂಡು ಹರಿಯುತ್ತದಂತೆ, ನಾನು ನೋಡಿಲ್ಲ. ಅಲ್ಲಿ ಬೆಳೆಯುವ ದ್ರಾಕ್ಷಿಯ ಸಿಪ್ಪೆ ದಪ್ಪ, ಬಣ್ಣ ಗಾಢ. ಹಿಂದಿನವರು ಇದನ್ನು ಕಪ್ಪು ವೈನು ಎಂದೇ ಕರೆಯುತ್ತಿದ್ದರಂತೆ. ಗಾಜಿನ ಲೋಟಕ್ಕೆ ಸುರಿದು ಹಿಂದೆ ಬೆರಳು ಹಿಡಿದರೆ ಬೆರಳು ಕಾಣುವುದಿಲ್ಲ. ಬಾಯಿಗೆ ಹಾಕಿಕೊಂಡರೆ ನಾಲಿಗೆ, ವಸಡು, ಕೆನ್ನೆಯ ಒಳಭಾಗ ಎಲ್ಲ ಬಿಗಿದುಕೊಳ್ಳುತ್ತವೆ. ಇಂಗ್ಲಿಷಿನವರು ಇದಕ್ಕೆ ಟ್ಯಾನಿನ್ ಎಂದು ಹೆಸರಿಟ್ಟು ಪುಸ್ತಕಗಟ್ಟಲೆ ಬರೆದಿದ್ದಾರೆ. ನಮ್ಮಲ್ಲಿ ಮೂರು ವರ್ಷದ ಕೂಸಿಗೂ ಇದರ ಹೆಸರು ಗೊತ್ತು, ಒಗರು. ಇಷ್ಟು ಒಗರಿನ ವೈನನ್ನು ಬರಿಬಾಯಲ್ಲಿ ಕುಡಿದರೆ ಮುಖ ಹುಳ್ಳಗಾಗುತ್ತದೆ. ಇದು ಊಟದ ಜೊತೆಯ ವೈನು, ಅದೂ ಎಲ್ಲ ಊಟದ ಜೊತೆ ಅಲ್ಲ. ಆ ಕಥೆಗೇ ಬರುತ್ತಿದ್ದೇನೆ.

ಆಗ ನಾವು ಇಲಿನಾಯ್ಸಿನ ಲಿಸ್ಲ್‌ನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡು ಸಾವಿರದ ಎರಡನೇ ಇಸವಿ. ಹೈವೇ ಎಂಬತ್ತೆಂಟರ ಉದ್ದಕ್ಕೂ ಸಾಲಾಗಿ ನಿಂತ ಗಾಜಿನ ಕಟ್ಟಡಗಳಲ್ಲಿ ನಮ್ಮ ಜನ ಎಷ್ಟೋ ಮಂದಿ ಕೆಲಸಕ್ಕಿದ್ದರು, ಆ ವರ್ಷ ಕೆಲಸ ಹೋಗಿ ಒಬ್ಬೊಬ್ಬರಾಗಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಹೊರಗೆ ಬಂದರು. ನಮ್ಮ ಮನೆಯವರೂ ಬಂದರು. ನಮಗೆ ಗ್ರೀನ್ ಕಾರ್ಡ್ ಆಗಷ್ಟೇ ಬಂದಿತ್ತು, ನಾನು ಕೆಲಸ ಮಾಡಬಹುದಿತ್ತು. ಹತ್ತು ಕಡೆ ಅಪ್ಲೈ ಮಾಡಿದೆ. ಧಾರವಾಡದಲ್ಲಿ ಮಾಡಿದ ನನ್ನ ಸಸ್ಯಶಾಸ್ತ್ರದ ಎಂ.ಎಸ್ಸಿ. ಯಾರಿಗೂ ಬೇಕಾಗಿರಲಿಲ್ಲ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಲಿಕರ್ ಅಂಗಡಿಗೆ ಬೇಕಾಗಿತ್ತು, ಅದೂ ಕ್ಯಾಶ್ ಕೌಂಟರಿಗೆ, ಹೊಸ ವರ್ಷದವರೆಗೆ ಮಾತ್ರ. ಊರಿಗೆ ಫೋನ್ ಮಾಡಿದಾಗ ಅವ್ವನಿಗೆ "ಅಂಗಡ್ಯಾಗ ಕೆಲಸ" ಎಂದಷ್ಟೇ ಹೇಳಿದೆ. ಯಾವ ಅಂಗಡಿ ಎಂದು ಅವ್ವ ಕೇಳಲಿಲ್ಲ, ಕಿರಾಣಿ ಅಂದುಕೊಂಡಿರಬೇಕು.

ಅಂಗಡಿಯ ಯಜಮಾನ ರೇ ಎಂಬ ಎತ್ತರದ ಮುದುಕ. ಸ್ವಲ್ಪ ಗೂನು, ಮಾತು ಕಡಿಮೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ವೈನ್ ರುಚಿ ನೋಡುವುದನ್ನು ಹೇಳಿಕೊಡಲು ನಿಂತ. ನುಂಗಬೇಕಾಗಿಲ್ಲ, ಬಾಯಿ ಮುಕ್ಕಳಿಸಿ ಈ ಬಕೆಟ್ಟಿಗೆ ಉಗುಳು ಅಂದ. ನುಂಗಬೇಕಾಗಿಲ್ಲ ಎಂದು ಕೇಳಿ ಜೀವ ಬಂದಂತಾಯಿತು. ಆದರೆ ಅವನು ಮೂಸಿ, ತುಟಿಗಿಟ್ಟು, ಅದೇ ಗ್ಲಾಸನ್ನು ನನ್ನ ಕಡೆ ಚಾಚಿದ್ದ. ಎಂಜಲು. ನಾನು ಯೋಚನೆಯನ್ನೇ ಮಾಡಲಿಲ್ಲ, ತಲೆ ಹಿಂದಕ್ಕೆ ಬಾಗಿಸಿ ಗ್ಲಾಸನ್ನು ಗೇಣುದ್ದ ಮೇಲೆ ಹಿಡಿದು ಎತ್ತಿ ಬಾಯಿಗೆ ಸುರಿದುಕೊಂಡೆ. ಒಂದು ಹನಿ ಸೀರೆಗೆ, ತಪ್ಪಿ ಹೇಳಿದೆ, ಸ್ವೆಟರಿಗೆ ಬೀಳಲಿಲ್ಲ. ರೇ ಬಕೆಟ್ಟನ್ನು ನನ್ನ ಕಡೆ ತಳ್ಳಿದ. ನಲವತ್ತು ವರ್ಷದಲ್ಲಿ ಹೀಗೆ ರುಚಿ ನೋಡಿದವರನ್ನು ನೋಡಿಲ್ಲ ಎಂದ. ಆಮೇಲಿಂದ ನನಗೆ ಬೇರೆ ಗ್ಲಾಸು ಕೊಡತೊಡಗಿದ. ನನ್ನ ಮೂಗು ಚುರುಕಾಗಿದೆ ಎಂದು ಅವನಿಗೆ ಹದಿನೈದು ದಿನದಲ್ಲಿ ಗೊತ್ತಾಯಿತು.

ಇನ್ನು ಮುಮ್ತಾಜ್. ಅವಳು ಹುಬ್ಬಳ್ಳಿಯವಳು, ನನಗಿಂತ ಐದು ವರ್ಷ ಚಿಕ್ಕವಳು. ಅವಳ ಗಂಡನದು ಬೋಲಿಂಗ್‌ಬ್ರೂಕ್‌ನಲ್ಲಿ ಹಲಾಲ್ ಮಾಂಸದ, ಕಿರಾಣಿ ಸಾಮಾನಿನ ಸಣ್ಣ ಅಂಗಡಿ. ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿ ಅಲ್ಲಿ ಜೋಳದ ಹಿಟ್ಟು ಕೇಳಲು ಹೋಗಿದ್ದೆ. ಕೌಂಟರಿನ ಹಿಂದೆ ನಿಂತಿದ್ದವಳು ನನ್ನ ಇಂಗ್ಲಿಷ್ ಕೇಳಿ, "ಅಕ್ಕಾ, ನೀ ಕನ್ನಡದಾಗ ಕೇಳು, ಹಿಟ್ಟು ಲಗೂನ ಸಿಗತೈತಿ" ಅಂದಳು. ಅವತ್ತಿನಿಂದ ವಾರಕ್ಕೆ ಎರಡು ಸಲ ನಾನು ಅಲ್ಲಿ, ಇಲ್ಲವೇ ಅವಳು ಇಲ್ಲಿ. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದವಳು ಅವಳೇ. ಹತ್ತು ಮೈಲಿ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದು ಕೂಸಿಗೆ ಎಣ್ಣೆ ಹಚ್ಚಿ ಹೋಗುತ್ತಿದ್ದಳು.

ಅವಳ ಅಡುಗೆಮನೆಯಲ್ಲಿ ನನಗೆಂದು ಒಂದು ಬೋಗಾಣಿ ಇತ್ತು. ಹಿಂಡಾಲಿಯಮ್ಮಿನದು, ಮುಚ್ಚಳ ಸಮೇತ. ತಳಕ್ಕೆ ಉಗುರುಬಣ್ಣದಿಂದ ಕೆಂಪು ಬೊಟ್ಟು ಇಟ್ಟಿದ್ದಳು. ಜೊತೆಗೆ ಒಂದು ಸೌಟು, ಅದರ ಹಿಡಿಕೆಗೂ ಬೊಟ್ಟು. ಆ ಬೋಗಾಣಿಯಲ್ಲಿ ಮಾಂಸ ಬೇಯುತ್ತಿರಲಿಲ್ಲ, ಮಾಂಸ ಮುಟ್ಟಿದ ಸೌಟು ಅದರೊಳಗೆ ಇಳಿಯುತ್ತಿರಲಿಲ್ಲ. ತೊಳೆಯುವುದೂ ಬೇರೆ. ನಾನು ಒಂದು ದಿನವೂ ಹೀಗೆ ಮಾಡು ಅಂದವಳಲ್ಲ, ಮೊದಲ ಸಲ ಊಟಕ್ಕೆ ಹೋದಾಗಲೇ ಆ ಬೊಟ್ಟು ಅಲ್ಲಿತ್ತು. ಅವಳ ಎಣ್ಣೆಗಾಯಿ ತಿಂದೇ ನಾನು ಆ ಊರಿನಲ್ಲಿ ಜೀವ ಹಿಡಿದುಕೊಂಡದ್ದು. ನಮ್ಮ ಮನೆಯವರು ಮಾತ್ರ ಆ ಕಡೆಯ ಬೇರೆ ಬೋಗಾಣಿಗಳ ಗಿರಾಕಿ. ಅವರ ಲಿಂಗಪೂಜೆ, ಅವರ ಮಟನ್, ಅವರ ಮನಸ್ಸಾಕ್ಷಿ. ನಾನು ಅದರಲ್ಲಿ ಕೈ ಹಾಕುವುದಿಲ್ಲ.

ನವೆಂಬರ್ ಬಂತು. ರೇ ಯಾರದೋ ಮಾತು ಕೇಳಿ ಕಾಓರ್ ರಾಶಿ ರಾಶಿ ತರಿಸಿದ್ದ. ಅಂಗಡಿಯ ಹಿಂಗೋಡೆಗೆ ಎದೆಯೆತ್ತರ ಪೆಟ್ಟಿಗೆಗಳು ಬಿದ್ದಿದ್ದವು. ಗಿರಾಕಿಗಳು ಕ್ಯಾಲಿಫೋರ್ನಿಯಾದ್ದು ಕೇಳುತ್ತಿದ್ದರು, ಹೆಚ್ಚೆಂದರೆ ಫ್ರಾನ್ಸಿನ ಹೆಸರುವಾಸಿ ಬೋರ್ಡೋ ಕೇಳುತ್ತಿದ್ದರು. ಇದರ ಹೆಸರು ಓದಲೂ ಬಾರದೆ ಮುಂದೆ ಹೋಗುತ್ತಿದ್ದರು. ಒಂದು ದಿನ ರೇ ನನ್ನನ್ನು ಕರೆದು ಗೋಡೆ ತೋರಿಸಿದ. ಎರಡು ಶನಿವಾರ ಗಿರಾಕಿಗಳಿಗೆ ರುಚಿ ತೋರಿಸುವ ಟೇಸ್ಟಿಂಗ್ ಇಡುತ್ತೇನೆ, ನೀನೇ ನಡೆಸು, ಈ ಗೋಡೆ ಖಾಲಿಯಾದರೆ ಹೊಸ ವರ್ಷದ ನಂತರವೂ ನೀನು ಇಲ್ಲಿ, ವೈನ್ ವಿಭಾಗ ನಿನ್ನದು ಎಂದ. ಖಾಲಿಯಾಗದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆಯಲ್ಲಿ ಗಂಡ ಬೆಳಗಿನಿಂದ ಸಂಜೆಯವರೆಗೆ ಟಿವಿಯ ಎದುರು ಕೂತಿದ್ದರು, ಯಾರಾದರೂ ಫೋನ್ ಮಾಡಿದರೆ ಸ್ನಾನಕ್ಕೆ ಹೋಗಿದ್ದಾರೆ ಎಂದು ಹೇಳು ಅನ್ನುತ್ತಿದ್ದರು. ಆ ಕೆಲಸ ನನಗೆ ಬೇಕಿತ್ತು.

ಮೊದಲ ಶನಿವಾರ ನಾನು ಮಾಡಿದ್ದೇನು ಗೊತ್ತೇ? ಮಿರ್ಚಿ ಭಜಿ. ಗಟ್ಟಿ ವೈನಿಗೆ ಗಟ್ಟಿ ತಿನಿಸು ಎಂಬುದು ನನ್ನ ಲೆಕ್ಕಾಚಾರ. ಗದಗಿನ ಮಿರ್ಚಿ ಭಜಿಯ ಎದುರು ನಿಲ್ಲುವ ತಿನಿಸು ಭೂಮಿಯ ಮೇಲೆ ಇಲ್ಲ ಎಂಬುದು ನನ್ನ ನಂಬಿಕೆ, ಇವತ್ತಿಗೂ ಅದೇ ನಂಬಿಕೆ. ಬೆಳಿಗ್ಗೆ ಐದಕ್ಕೆ ಎದ್ದು ನೂರು ಭಜಿ ಕರಿದೆ. ಮನೆಯ ತಿನಿಸು ತಂದಿಟ್ಟದ್ದನ್ನು ರೇ ನೋಡಿಯೂ ನೋಡದವನಂತೆ ಇದ್ದ. ಮೊದಲ ಗಿರಾಕಿ ಭಜಿ ಕಚ್ಚಿದ, ಚೆನ್ನಾಗಿದೆ ಅಂದ, ಮೇಲೆ ಒಂದು ಗುಟುಕು ಕಾಓರ್ ಕುಡಿದ. ಆಮೇಲೆ ಅವನ ಮುಖದ ಬಣ್ಣ ನೋಡಬೇಕಿತ್ತು. ಖಾರದ ಮೇಲೆ ಒಗರು ಬಿದ್ದರೆ ಎರಡೂ ಸೇರಿ ಬಾಯನ್ನು ಉರಿಸುತ್ತವೆ, ವೈನು ಕಹಿಯಾಗುತ್ತದೆ, ಅದರ ಬಿಸಿ ಗಂಟಲಿಗೆ ಏರುತ್ತದೆ. ಇದು ಈಗ ನನಗೆ ಗೊತ್ತು. ಅವತ್ತು ಹನ್ನೆರಡು ಜನ ಕೆಮ್ಮಿದರು, ಒಬ್ಬಾಕೆ ನೀರು ಹುಡುಕುತ್ತ ಐಸ್ ಪೆಟ್ಟಿಗೆಗೆ ಕೈ ಹಾಕಿದಳು. ಒಂದು ಬಾಟಲಿಯೂ ಹೋಗಲಿಲ್ಲ. ಉಳಿದ ಭಜಿಯನ್ನು ರೇ ಬಿಯರ್ ಜೊತೆ ತಿಂದು ಮುಗಿಸಿ, ಇನ್ನೊಂದು ಶನಿವಾರ ಇದೆ ಎಂದು ಮಾತ್ರ ಹೇಳಿದ.

ಅಂದು ಸಂಜೆ ನೇರ ಮುಮ್ತಾಜಳ ಮನೆಗೆ ಹೋದೆ. ರಂಜಾನ್ ನಡೆಯುತ್ತಿತ್ತು. ರೋಜಾ ಬಿಡುವ ಹೊತ್ತು ಹತ್ತಿರವಾಗಿತ್ತು, ಅವಳು ಒಲೆಯ ಮುಂದೆ ಇದ್ದಳು. ಬೆಳಗಿನಿಂದ ತೊಟ್ಟು ನೀರು ಕುಡಿಯದ ಹೆಂಗಸು ನಾಲ್ಕು ಬಗೆಯ ಅಡುಗೆ ಮಾಡುತ್ತಿದ್ದಳು, ಒಂದನ್ನೂ ನಾಲಿಗೆಗೆ ಹಚ್ಚಿ ನೋಡದೆ. ಉಪ್ಪು ಸರಿಯಿದೆಯೋ ಇಲ್ಲವೋ ಎಂದು ಹಬೆಯ ವಾಸನೆಯ ಮೇಲೆ ಹೇಳುತ್ತಿದ್ದಳು. ನಾನು ಕುರ್ಚಿಯ ಮೇಲೆ ಕೂತು ನನ್ನ ಗೋಳು ಹೇಳಿಕೊಂಡೆ. ಭಜಿಯ ಕಥೆ ಕೇಳಿ ಅವಳು ಸೌಟು ಹಿಡಿದುಕೊಂಡೇ ನಕ್ಕಳು.

"ಒಗರು ಒಗರು ಅಂತೀಯಲ್ಲ ಅಕ್ಕಾ, ಎಂಥಾ ಒಗರು? ಬಾಳಿಕಾಯಿ ಒಗರೋ, ನೇರಳಿ ಹಣ್ಣಿಂದೋ?"

"ನೇರಳಿ ಹಣ್ಣಿಂದು. ಅದರ ಬೀಜಾ ಕಡದಂಗ."

"ಹಂಗಾರ ಅದಕ್ಕ ಖಾರ ಯಾಕ ಕೊಟ್ಟಿ? ಜಿಡ್ಡು ಬೇಕು. ಹುರದ ಶೇಂಗಾ, ಎಳ್ಳು, ಗುರೆಳ್ಳು. ಉಪ್ಪು ಒಂದ ಕೈ ಮುಂದ. ಸಣ್ಣ ಉರಿ ಮ್ಯಾಲ ಎಣ್ಣಿ ಬಿಡೂತನಕ ಬೇಯಬೇಕು. ನಾ ಹಬ್ಬದಾಗ ಮಾಡ್ತೀನಲ್ಲ ಮಟನ್, ಅಂಥಾದ್ದು."

ತಿನ್ನುವ ನಾಲಿಗೆ ನನಗಿಲ್ಲ, ಕುಡಿಯುವ ನಾಲಿಗೆ ಅವಳಿಗಿಲ್ಲ. ನಾನು ಮಾಂಸದ ರುಚಿ ಅರಿಯೆ, ಅವಳು ವೈನಿನ ವಾಸನೆಯನ್ನೂ ನೋಡಿದವಳಲ್ಲ. ಆದರೂ ಆ ಅಡುಗೆಮನೆಯಲ್ಲಿ ಬರೀ ಮಾತಿನಲ್ಲಿ ಅವಳು ಹೇಳಿದ್ದು ರೇ ಕೊಟ್ಟ ಪುಸ್ತಕದಲ್ಲಿದ್ದುದಕ್ಕಿಂತ ಸ್ಪಷ್ಟವಾಗಿತ್ತು. ಕಾಓರಿನವರು ಬಾತುಕೋಳಿಯನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿ, ಅವರೆಯಂಥ ಬಿಳಿ ಕಾಳಿನ ಜೊತೆ, ಅಣಬೆಯ ಜೊತೆ, ಕುರಿಮಾಂಸದ ಜೊತೆ ಈ ವೈನು ಕುಡಿಯುತ್ತಾರೆ. ಜಿಡ್ಡು ಒಗರನ್ನು ಹಿಡಿಯುತ್ತದೆ, ಒಗರು ಜಿಡ್ಡನ್ನು ತೊಳೆಯುತ್ತದೆ. ಅಷ್ಟೇ ವಿದ್ಯೆ. ನಾನು ಖುಷಿಯಲ್ಲಿ ಎದ್ದು ನಿಂತೆ.

"ಮುಮ್ತಾಜ್, ಆ ಮಟನ್ನ ನೀನ ಮಾಡಿಕೊಡು. ಶನಿವಾರ ಅಂಗಡ್ಯಾಗ ಇಡ್ತೀನಿ."

ಅವಳು ಗ್ಯಾಸ್ ಸಣ್ಣದು ಮಾಡಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾ, ನೀ ಅಲ್ಲಿ ಕೆಲಸಾ ಮಾಡೂದು ನಿನ್ನ ವಿಚಾರ, ನಾ ಏನೂ ಅಂದಿಲ್ಲ. ಕೇಳಿದಿ, ತಿಳಿದದ್ದು ಹೇಳಿದ್ನಿ. ಆದರ ನನ್ನ ಕೈಯಡಗಿ ಅದರ ಬಾಜೂಕ ಇಡಬ್ಯಾಡ. ಅದೊಂದು ಬ್ಯಾಡ. ನೀ ಬದನಿಕಾಯಿ ಮಾಡು, ಅದೂ ಹೊಂದತೈತಿ."

ಆಯಿತು ಎಂದೆ. ಆಯಿತು ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವಳ ಕೈ ಹಿಡಿದುಕೊಂಡು ಎರಡು ಸಲ ಹೇಳಿದೆ.

ಎರಡನೆಯ ಶನಿವಾರ ಬಿದ್ದದ್ದು ಈದಿನ ಮರುದಿನ. ಹಬ್ಬದ ದಿನ ಸಂಜೆ ಅವಳ ಗಂಡ ನಮ್ಮ ಮನೆಗೆ ದೊಡ್ಡ ಡಬ್ಬಿಯಲ್ಲಿ ಮಟನ್ ತಂದುಕೊಟ್ಟಿದ್ದರು, ನಮ್ಮ ಮನೆಯವರಿಗೂ ಅವರ ಗೆಳೆಯರಿಗೂ ಎಂದು. ಬದನೆಕಾಯಿ ನಾನು ತಂದಿಟ್ಟಿದ್ದೆ. ಇಲ್ಲಿಯ ಬದನೆಕಾಯಿ, ಒಂದೊಂದು ಕುಂಬಳದ ಗಾತ್ರ, ಎಣ್ಣೆಗಾಯಿಗೆ ಒಗ್ಗುವುದಲ್ಲ. ಸಣ್ಣವು ಮುಮ್ತಾಜಳ ಅಂಗಡಿಯಲ್ಲೇ ಇದ್ದವು, ಹೋಗಿ ತರಬಹುದಿತ್ತು. ಹೋಗಲಿಲ್ಲ. ಬೆಳಿಗ್ಗೆ ಫ್ರಿಜ್ಜು ತೆಗೆದೆ, ಡಬ್ಬಿಯ ಮುಚ್ಚಳ ತೆಗೆದೆ. ಹುರಿದ ಶೇಂಗಾ, ಎಳ್ಳು, ಎಣ್ಣೆ ಬಿಟ್ಟುಕೊಂಡ ಮಸಾಲೆ. ಮಾಂಸದ ವಾಸನೆಗೆ ಮುಖ ತಿರುಗಿಸುವ ನಾನೇ ತೀರ್ಮಾನವನ್ನು ಮೂಗಿಗೆ ಒಪ್ಪಿಸಿಬಿಟ್ಟೆ. ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ ಎಂದು ಗೊತ್ತಾಯಿತು. ಅವಳಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಒಳ್ಳೆಯ ಹೆಸರೇ ಬರುತ್ತದಲ್ಲ ಎಂದೂ ಅಂದುಕೊಂಡೆ. ಇವೆರಡೂ ಒಂದೇ ಉಸಿರಿನಲ್ಲಿ ಹೊಂದುವುದಿಲ್ಲ ಎಂದು ಅವತ್ತು ನನ್ನ ತಲೆಗೆ ಹೊಳೆಯಲಿಲ್ಲ.

ಆ ಶನಿವಾರದ ನನ್ನ ಠೀವಿ ನೀವು ನೋಡಬೇಕಿತ್ತು. ಬಾಟಲಿ ತೆಗೆದ ಕೂಡಲೇ ಕಾಓರ್ ಮುನಿಸಿಕೊಂಡವರ ಹಾಗೆ ಬಿಗಿದುಕೊಂಡಿರುತ್ತದೆ, ಅದಕ್ಕೆ ಗಾಳಿ ಆಡಬೇಕು. ರೇ ಗಾಜಿನ ಹೂಜಿ ಹುಡುಕುತ್ತಿದ್ದ. ನಾನು ಮನೆಯಿಂದ ತಂದಿದ್ದ ಎರಡು ಸ್ಟೀಲ್ ತಂಬಿಗೆ ತೆಗೆದು, ಬಿಸಿ ಹಾಲು ಆರಿಸುವ ಹಾಗೆ ಒಂದರಿಂದ ಇನ್ನೊಂದಕ್ಕೆ ಮೊಳದೆತ್ತರದಿಂದ ಸುರಿದೆ. ಹತ್ತು ಸಲ, ಹದಿನೈದು ಸಲ. ಕಪ್ಪು ಧಾರೆ ಎಲ್ಲೂ ತುಳುಕಲಿಲ್ಲ. ಜನ ಸಾಮಾನಿನ ತಳ್ಳುಬಂಡಿ ನಿಲ್ಲಿಸಿ ನಿಂತು ನೋಡಿದರು. ಆಮೇಲೆ ರುಚಿ ನೋಡಿದ ರೇ, ಎರಡು ಗಂಟೆಯ ಕೆಲಸ ಎರಡು ನಿಮಿಷದಲ್ಲಿ ಆಯಿತು ಎಂದ. ಹಲ್ಲುಕಡ್ಡಿಗೆ ಚುಚ್ಚಿದ ಮಟನ್ ತುಂಡು, ಮೇಲೊಂದು ಗುಟುಕು. ಜನ ಎರಡನೇ ತುಂಡಿಗೆ ಕೈ ಚಾಚಿದರು. ಸಂಜೆಯ ಹೊತ್ತಿಗೆ ಗೋಡೆಯ ಇಟ್ಟಿಗೆ ಕಾಣತೊಡಗಿತು. ಉತ್ಸಾಹದಲ್ಲಿ ನಾನು ಒಂದು ರಟ್ಟು ಕತ್ತರಿಸಿ, ದಪ್ಪ ಪೆನ್ನಿನಲ್ಲಿ ಈ ವೈನಿಗೆ ಹೊಂದುವ ಅಡುಗೆ, ಮುಮ್ತಾಜಳ ಹುಬ್ಬಳ್ಳಿ ಮಟನ್ ಎಂದು ಇಂಗ್ಲಿಷಿನಲ್ಲಿ ಬರೆದು, ಮಾಂಸ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗಾಗಿ ಬೋಲಿಂಗ್‌ಬ್ರೂಕ್‌ನ ಅವರ ಅಂಗಡಿಯ ವಿಳಾಸವನ್ನೂ ಕೆಳಗೆ ಸೇರಿಸಿ ತೂಗುಹಾಕಿದೆ. ಗೆಳತಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ನನ್ನ ಭಾವನೆ.

ಮಂಗಳವಾರ ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು. ಹೊರಗೆ ಬಾ ಎಂದಷ್ಟೇ ಹೇಳಿದಳು ಮುಮ್ತಾಜ್. ಪಾರ್ಕಿಂಗಿನ ಆ ತುದಿಯಲ್ಲಿ ಅವಳ ವ್ಯಾನು ನಿಂತಿತ್ತು. ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ನಾನು ಕೋಟಿಲ್ಲದೆ ಓಡಿದೆ. ಅವಳು ಇಳಿಯಲಿಲ್ಲ, ಕಿಟಕಿಯ ಗಾಜು ಅರ್ಧ ಇಳಿಸಿದಳು. ಬೆಳಿಗ್ಗೆ ಮೂವರು ಬಿಳಿಯರು ಬಂದು ವೈನಂಗಡಿಯ ಮುಮ್ತಾಜ್ ಮಟನ್ ಬೇಕು ಎಂದು ಕೇಳಿದ್ದರಂತೆ. ಅಂಗಡಿಯಲ್ಲಿ ಆಗ ಮಸೀದಿಯ ಹಿರಿಯರು ಇಬ್ಬರು ನಿಂತಿದ್ದರಂತೆ. ಅವಳ ಗಂಡ ತಲೆ ತಗ್ಗಿಸಿಕೊಂಡು ಮಾಂಸ ಕತ್ತರಿಸಿದರಂತೆ.

ನಾನು ಏನೇನೋ ಹೇಳಿದೆ. ಕೆಲಸ, ಗಂಡ, ಗೋಡೆ, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಬೋಗಾಣಿ ಎಂಟು ವರ್ಷ ಕಾದೀನ್ರಿ ನಾ," ಅಂದಳು. "ನಮ್ಮ ಅತ್ತಿ ಊರಿಂದ ಬಂದು ಮೂರು ತಿಂಗಳು ಇದ್ರು, ಅವರಿಗೂ ಮುಟ್ಟಗೊಡಲಿಲ್ಲ. ನೀವು ನನ್ನ ಒಂದು ಡಬ್ಬಿ ಒಂದು ದಿನ ಕಾಯಲಿಲ್ಲ."

ಎಂಟು ವರ್ಷ ನೀ ಎಂದವಳು ನೀವು ಎಂದಳು. ಗಾಜು ಏರಿತು. ನಾನು ಅಲ್ಲೇ ನಿಂತಿದ್ದೆ, ವ್ಯಾನು ರಸ್ತೆಗೆ ತಿರುಗಿತು.

ಒಳಗೆ ಬಂದು ರಟ್ಟನ್ನು ಹರಿದು ಹಾಕಿದೆ. ಫೋನ್ ಮಾಡಿದೆ, ಎತ್ತಲಿಲ್ಲ. ಮನೆಗೆ ಹೋದೆ, ಅವಳ ಗಂಡ ಬಾಗಿಲಲ್ಲೇ ನಿಂತು ಆಕಿ ಮಲಗ್ಯಾಳ್ರಿ ಅಂದರು, ಮಧ್ಯಾಹ್ನ ಮೂರು ಗಂಟೆ. ಅವರ ಮುಖ ನೋಡಿ ನನಗೆ ನಾಚಿಕೆಯಾಯಿತು. ತಪ್ಪಾಯಿತು ಎಂದು ಕಾಗದ ಬರೆದು ಹಾಕಿದೆ. ಜನವರಿಯಿಂದ ವೈನ್ ವಿಭಾಗ ನನ್ನದಾಯಿತು. ಎರಡು ವರ್ಷದ ನಂತರ ನಮ್ಮ ಮನೆಯವರಿಗೆ ಡೆಟ್ರಾಯಿಟ್ ಕಡೆಯ ಕಾರು ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಮಿಶಿಗನ್ನಿಗೆ ಬಂದೆವು. ರೇ ಬೀಳ್ಕೊಡುಗೆಯಾಗಿ ಒಂದು ಪೆಟ್ಟಿಗೆ ಕಾಓರ್ ಕೊಟ್ಟ. ಈಗ ನನ್ನ ಕೈಯಲ್ಲಿರುವುದು ಅದರ ಕೊನೆಯ ಬಾಟಲಿ.

ಈ ಏಳು ವರ್ಷದಲ್ಲಿ ಕಾಓರಿಗೆ ಏನು ಹೊಂದುತ್ತದೆ ಎಂದು ಸಾವಿರ ಜನರಿಗೆ ಹೇಳಿದ್ದೇನೆ. ಬೆಣ್ಣೆಯಲ್ಲಿ ಹುರಿದ ಅಣಬೆ, ಗಟ್ಟಿ ಹಳೆಯ ಚೀಸು, ಅಕ್ರೋಟು, ಖಾರ ಕಡಿಮೆಯ ಶೇಂಗಾ ಹಿಂಡಿ, ಸುಟ್ಟ ಕುರಿಮಾಂಸ. ಮೀನಿಗೆ ಬೇಡ, ಹುಳಿಯನ್ನಕ್ಕೆ ಬೇಡ, ಹೋಳಿಗೆಗೆ ಖಂಡಿತ ಬೇಡ, ಮಿರ್ಚಿ ಭಜಿಗೆ ನನ್ನ ಶತ್ರುವಿಗೂ ಬೇಡ. ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಎಣ್ಣೆಗಾಯಿ. ಬದನೆಯ ಸಿಪ್ಪೆಯಲ್ಲೇ ಒಂದು ಚೂರು ಒಗರಿದೆ, ಅದು ವೈನಿನ ಒಗರನ್ನು ಗುರುತು ಹಿಡಿಯುತ್ತದೆ. ಇದನ್ನು ನೀವೇ ಕಂಡುಹಿಡಿದಿರಾ ಎಂದು ಗಿರಾಕಿಗಳು ಕೇಳುತ್ತಾರೆ. ನಾನು ನಕ್ಕು ಬಿಲ್ಲು ಹೊಡೆಯುತ್ತೇನೆ. ಒಂದು ಸಲವೂ ಹೌದು ಅಂದಿಲ್ಲ, ಅದೊಂದು ಸಮಾಧಾನ.

ಬುಧವಾರ ಮುಮ್ತಾಜಳ ಫೋನ್ ಬಂತು. ತನ್ನ ಮಗಳಿಗೆ ಇಲ್ಲಿಯ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಶನಿವಾರ ಬಿಡಲು ಬರುತ್ತೇವೆ ಎಂದಳು. ಊಟಕ್ಕೆ ಬನ್ನಿ ಎಂದೆ. ಬರ್ತೀವಿ ಎಂದಳು.

ಅಗೋ, ಕಾರಿನ ಸದ್ದು. ನಿಮ್ಮ ಜೊತೆ ಮಾತಾಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಾಟಲಿಯನ್ನು ಕೆಳಗೆ ಇಟ್ಟು ಬರುತ್ತೇನೆ, ಇರಿ.

*

ಬಂದಳು. ತಲೆಯ ಮೇಲಿನ ದುಪಟ್ಟಾದ ಅಂಚಿನಲ್ಲಿ ಒಂದೆರಡು ಬಿಳಿ ಕೂದಲು. ಗಂಡನೂ ಮಗಳೂ ಹಾಸ್ಟೆಲಿನಲ್ಲಿ ಸಾಮಾನು ಇಳಿಸುತ್ತಿದ್ದರು, ಆಮೇಲೆ ಬರುವವರಿದ್ದರು. ಅವಳೊಬ್ಬಳೇ ಒಳಗೆ ಬಂದು, ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಇಟ್ಟಳು. ಅವಳು ಗಂಟು ಬಿಚ್ಚಿದಳು. ಬೋಗಾಣಿ. ಮುಚ್ಚಳ ತೆಗೆದ ಕೂಡಲೇ ಎಣ್ಣೆಗಾಯಿಯ ವಾಸನೆ ಮನೆ ತುಂಬಿತು. ಬಿಸಿ ಮಾಡಲೆಂದು ಎತ್ತಿದೆ, ತಳದಲ್ಲಿ ಕೆಂಪು ಬೊಟ್ಟು ಕಂಡಿತು. ದುಂಡಗೆ, ಹೊಳೆಯುತ್ತಿತ್ತು. ಏಳು ವರ್ಷ ಉಜ್ಜಿ ತೊಳೆದ ಪಾತ್ರೆಯ ಮೇಲೆ ಉಗುರುಬಣ್ಣ ನಿಲ್ಲುವುದಿಲ್ಲ.

"ಬಣ್ಣ ಹೊಸಾದೈತಲ್ಲ, ಮುಮ್ತಾಜ್?"

"ವರ್ಷಾ ವರ್ಷಾ ರಂಜಾನದಾಗ ಹಚ್ಚತೀನಿ. ತಿಕ್ಕಿ ತಿಕ್ಕಿ ಹೋಗಿಬಿಡತೈತಿ."

ಬೋಗಾಣಿಯನ್ನು ಒಲೆಯ ಮೇಲೆ ಇಟ್ಟು ನಾನು ಅತ್ತೆ. ತಪ್ಪಾತು ಎಂದೆ, ಬರೆದದ್ದಲ್ಲ, ಬಾಯಿಬಿಟ್ಟು. ಅವಳೂ ಕಣ್ಣು ಒರೆಸಿಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಖಾಲಿಯಾದ ಕಪಾಟಿನ ಕಡೆ ಒಮ್ಮೆ ನೋಡಿದಳು. ಧೂಳಿನ ಮೇಲೆ ಬಾಟಲಿಗಳ ದುಂಡು ಗುರುತು ಸಾಲಾಗಿ ಕಾಣುತ್ತಿದ್ದವು. ಧೂಳು ಒರೆಸಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅವಳ ತುಟಿಯ ಕೊನೆಯಲ್ಲಿ ಹಳೆಯ ನಗು ಬಂತು.

"ದೊಡ್ಡಾಕಿ ಆಗೀಯಂತ, ಎಲ್ಲಾರೂ ನಿನ್ನ ಕೇಳ್ತಾರಂತ. ಹಂಗಾರ ಹೇಳು ಅಕ್ಕಾ, ಈ ಎಣಗಾಯಿಗೆ ಏನು ಹೊಂದತೈತಿ?"

ಅದಕ್ಕೆ ಏನು ಹೊಂದುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಅದು ಹದಿನಾಲ್ಕು ಮೆಟ್ಟಿಲ ಕೆಳಗೆ ಕತ್ತಲಲ್ಲಿ ಕೂತಿತ್ತು. ಇನ್ನೂ ಕಪ್ಪಗಿದ್ದ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ನೀರು," ಎಂದೆ.

"ಖರೇನ?"

"ಖರೇ."

ವೈನು ಒಮ್ಮೆಯೂ ಮುಟ್ಟದ ಒಂದು ಸ್ಟೀಲ್ ತಂಬಿಗೆಗೆ ನೀರು ತುಂಬಿ ಮೇಜಿನ ನಡುವೆ ಇಟ್ಟೆ. ಮೊದಲು ಅವಳು ಎತ್ತಿ ಕುಡಿದಳು, ಆಮೇಲೆ ನಾನು. ರೊಟ್ಟಿ ಮುರಿದು ಊಟಕ್ಕೆ ಕೂತೆವು.